ಡಿಕ್ಕಿಯಲ್ಲೊಂದು ಅಡುಗೆಮನೆ

ತುಮಕೂರು ದಾಟಿ ಸಿರಾ, ಹಿರಿಯೂರಿನ ಕಡೆ ಹೋಗುವ ಹೆದ್ದಾರಿಯ ಬದಿಯಲ್ಲಿ ನಡುಮಧ್ಯಾಹ್ನ ನಿಂತ ಲಾರಿಗಳನ್ನು ಹತ್ತಿರದಿಂದ ನೋಡಬೇಕು. ಬಾಡಿಯ ಕೆಳಗೆ, ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಒಂದು ಪೆಟ್ಟಿಗೆ ಇರುತ್ತದೆ. ಜಾಕು, ಸ್ಪ್ಯಾನರು, ಹಗ್ಗ ಒಂದು ಮಗ್ಗುಲಲ್ಲಿ. ಇನ್ನೊಂದು ಮಗ್ಗುಲಲ್ಲಿ ಪಂಪ್ ಸ್ಟೋವೋ ಪುಟ್ಟ ಸಿಲಿಂಡರೋ, ಮಸಿ ಹಿಡಿದ ಎರಡು ಪಾತ್ರೆ, ಉಪ್ಪು ಖಾರದ ಡಬ್ಬಿ, ಚೀಲದಲ್ಲಿ ಈರುಳ್ಳಿ. ಪೆಟ್ಟಿಗೆಯ ಬಾಗಿಲನ್ನು ಕೆಳಕ್ಕೆ ಮಡಚಿದರೆ ಅದೇ ಹೆಚ್ಚುವ ಹಲಗೆ. ಲಾರಿಯ ನೆರಳೇ ಚಾವಣಿ. ಅರ್ಧ ಗಂಟೆಯಲ್ಲಿ ಅನ್ನ, ಸಾರು ಇಳಿಯುತ್ತದೆ. ಇದನ್ನು ಯಾವ ಎಂಜಿನಿಯರೂ ವಿನ್ಯಾಸ ಮಾಡಿದ್ದಲ್ಲ. ಢಾಬಾದ ಬೆಲೆ ಮತ್ತು ಹೊಟ್ಟೆಯ ಆರೋಗ್ಯ ಎರಡನ್ನೂ ಲೆಕ್ಕ ಹಾಕಿದ ಡ್ರೈವರುಗಳೇ ಮಾಡಿಕೊಂಡದ್ದು.

ಈಗ ಆ ಪೆಟ್ಟಿಗೆ ಕಾರಿನ ಡಿಕ್ಕಿಗೆ ಬಂದಿದೆ. ವಾರಾಂತ್ಯಕ್ಕೆ ಸಕಲೇಶಪುರದ ಎಸ್ಟೇಟಿಗೆ, ರಜೆ ಕೂಡಿಬಂದರೆ ಸ್ಪಿತಿ, ಲಡಾಖಿಗೆ ಸ್ವಂತ ಗಾಡಿಯಲ್ಲೇ ಹೊರಡುವವರು ಈಗ ಎಲ್ಲ ಊರಲ್ಲೂ ಇದ್ದಾರೆ. ಅವರ ಪೈಕಿ ಕೆಲವರ ಗಾಡಿಯ ಹಿಂಬಾಗಿಲು ತೆರೆದು ಒಂದು ಹಲಗೆಯನ್ನು ಎಳೆದರೆ ಒಲೆ, ಕಟ್ಟೆ, ಸಾಮಾನು ಸಮೇತ ಅಡುಗೆಮನೆಯೇ ಹೊರಗೆ ಬರುತ್ತದೆ. ಸ್ಟೀಲಿನಲ್ಲಿ ಮಾಡಿದ ಸಿದ್ಧ ಮಾಲೂ ಮಾರುಕಟ್ಟೆಯಲ್ಲಿದೆ. ಆದರೆ ಪ್ಲೈವುಡ್ಡನ್ನು ನೇರವಾಗಿ ಕೊಯ್ಯಬಲ್ಲ ಬಡಗಿಯೊಬ್ಬರು ಪರಿಚಯವಿದ್ದರೆ ಅದನ್ನು ಕೊಳ್ಳುವ ಅಗತ್ಯವಿಲ್ಲ. ಗರಗಸಕ್ಕಿಂತ ತಕ್ಕಡಿಯನ್ನು ಹೆಚ್ಚು ಬಳಸಬೇಕಾದ ಕೆಲಸ ಇದು ಎಂಬುದನ್ನು ಮಾತ್ರ ಮೊದಲೇ ಒಪ್ಪಿಕೊಳ್ಳಬೇಕು. ಮಾಡಿಸಿಕೊಂಡ ಬಹಳ ಮಂದಿ ಪ್ಲೈ ಯಾವುದು, ಸನ್‌ಮೈಕಾ ಯಾವ ಬಣ್ಣದ್ದು ಎಂದು ಹೇಳುತ್ತಾರೆ. ಒಟ್ಟು ಎಷ್ಟು ಕೆಜಿ ಎಂದು ಕೇಳಿದರೆ ಸುಮ್ಮನಾಗುತ್ತಾರೆ.

ಹಿಂಬದಿಯ ಅಡುಗೆಪೆಟ್ಟಿಗೆಗೆ ಒಂದೂವರೆ ಶತಮಾನದ ಚರಿತ್ರೆಯಿದೆ. ಅಮೆರಿಕದ ಅಂತರ್ಯುದ್ಧ ಮುಗಿದ ಮರುವರ್ಷ, 1866ರಲ್ಲಿ, ಟೆಕ್ಸಾಸಿನ ದನಗಾಹಿ ಚಾರ್ಲ್ಸ್ ಗುಡ್‌ನೈಟ್ ತನ್ನ ಪಾಲುದಾರ ಆಲಿವರ್ ಲವಿಂಗ್ ಜೊತೆ ಸಾವಿರಾರು ದನಗಳನ್ನು ನ್ಯೂ ಮೆಕ್ಸಿಕೊ ಕಡೆಗೆ ಹೊಡೆದುಕೊಂಡು ಹೋಗಬೇಕಿತ್ತು. ವಾರಗಟ್ಟಲೆಯ ದಾರಿ, ನಡುವೆ ಊರಿಲ್ಲ. ಆತ ಸೈನ್ಯದ ಹಳೆಯ ಗಾಡಿಯೊಂದನ್ನು ಕೊಂಡು, ಗಟ್ಟಿ ಮರ ಮತ್ತು ಕಬ್ಬಿಣದ ಅಚ್ಚು ಹಾಕಿಸಿ, ಹಿಂಭಾಗಕ್ಕೆ ಖಾನೆಗಳಿರುವ ಪೆಟ್ಟಿಗೆಯೊಂದನ್ನು ಕೂರಿಸಿದ. ಹಿಟ್ಟು, ಹುರುಳಿಕಾಯಿ ಬೀಜ, ಕಾಫಿ, ಸಕ್ಕರೆ, ಔಷಧಿ ಎಲ್ಲಕ್ಕೂ ಒಂದೊಂದು ಖಾನೆ. ಮುಚ್ಚಳಕ್ಕೆ ಕೆಳಗೆ ಬಿಜಾಗರಿ, ಮಡಚುವ ಒಂದು ಕಾಲು. ಮುಚ್ಚಳ ಇಳಿಸಿ ಕಾಲು ಊರಿದರೆ ಮೇಜು. ಗಾಡಿಯ ಹೊಟ್ಟೆಗೆ ದನದ ಚರ್ಮವನ್ನು ಜೋಲಿಯಂತೆ ಕಟ್ಟಿ ದಾರಿಯಲ್ಲಿ ಸಿಕ್ಕ ಕಟ್ಟಿಗೆ, ಒಣಸಗಣಿ ತುಂಬುತ್ತಿದ್ದರು. ಅಡುಗೆಯವನಿಗೆ ಸಾಮಾನ್ಯ ದನಗಾಹಿಗಿಂತ ಸಂಬಳ ಹೆಚ್ಚು. ಅವನ ಪೆಟ್ಟಿಗೆಗೆ ಬೇರೆಯವರು ಕೈ ಹಾಕುವಂತಿರಲಿಲ್ಲ. ಚಕ್ ವ್ಯಾಗನ್ ಎಂದು ಹೆಸರಾದ ಆ ಗಾಡಿಯನ್ನು ಟೆಕ್ಸಾಸ್ ರಾಜ್ಯ 2005ರಲ್ಲಿ ತನ್ನ ಅಧಿಕೃತ ವಾಹನವೆಂದು ಘೋಷಿಸಿತು. ಆ ಮುಚ್ಚಳದ ಕಾಲನ್ನು ನೆನಪಿಟ್ಟುಕೊಳ್ಳಿ, ಅದರ ಕೆಲಸ ಮುಂದೆ ಬರುತ್ತದೆ.

ಎರಡನೆಯ ದೊಡ್ಡ ಹೆಜ್ಜೆ ಜರ್ಮನಿಯದು. ಫೋಕ್ಸ್‌ವ್ಯಾಗನ್ ವ್ಯಾನ್ ಬಂದ ಮರುವರ್ಷ, 1951ರಲ್ಲಿ, ವೆಸ್ಟ್‌ಫಾಲಿಯಾ ಕಂಪನಿ ಅದಕ್ಕೆಂದೇ ಕ್ಯಾಂಪಿಂಗ್ ಬಾಕ್ಸ್ ಮಾಡಿತು. ವ್ಯಾನು ವಾರವಿಡೀ ಸರಕು ಸಾಗಿಸಬೇಕು, ಶನಿವಾರ ಪೆಟ್ಟಿಗೆ ಒಳಗೆ ಹೋಗಬೇಕು, ಸೋಮವಾರ ಹೊರಗೆ ಬರಬೇಕು. ಯುದ್ಧ ಮುಗಿದು ಹೆಚ್ಚು ವರ್ಷವಾಗದ ದೇಶದಲ್ಲಿ ಬರೀ ಪ್ರವಾಸಕ್ಕೆಂದು ಒಂದು ಗಾಡಿ ಇಟ್ಟುಕೊಳ್ಳುವ ಶಕ್ತಿ ಯಾರಿಗಿತ್ತು? ನಮ್ಮ ಮಧ್ಯಮವರ್ಗದ ಮನೆಗಳಿಗೂ ಇಂದು ಹೊಂದುವುದು ಇದೇ ಲೆಕ್ಕ. ಶುಕ್ರವಾರದವರೆಗೆ ಮಕ್ಕಳ ಶಾಲೆ, ದಿನಸಿ, ಊರಿಂದ ಬರುವ ತೆಂಗಿನಕಾಯಿ ಮೂಟೆಗೆ ಅದೇ ಡಿಕ್ಕಿ ಬೇಕು.

ನಮ್ಮಲ್ಲೂ ಅಡುಗೆ ಹೊತ್ತ ಗಾಡಿಗಳಿಗೆ ಕೊರತೆಯಿರಲಿಲ್ಲ. ಶಾಲಾ ಪ್ರವಾಸದ ಬಸ್ಸಿನ ಟಾಪಿನ ಮೇಲೆ ಕೊಳಗ, ಸೌಟು, ಒಲೆ ಹೋಗುತ್ತಿದ್ದವು; ಅಡುಗೆ ಭಟ್ಟರು ಹಿಂದಿನ ಸೀಟಿನಲ್ಲಿ. 1984ರಲ್ಲಿ ಬಂದ ಮಾರುತಿ ವ್ಯಾನಿನ, ಅಂದರೆ ನಾವು ಓಮ್ನಿ ಎಂದು ಕರೆದ ಗಾಡಿಯ ಎಂಜಿನ್ ಮುಂದಿನ ಸೀಟಿನ ಕೆಳಗಿತ್ತು. ಹಿಂದಿನ ನೆಲವೆಲ್ಲ ಸಪಾಟು, ಹಿಂಬಾಗಿಲು ಮೇಲಕ್ಕೆ ಏಳುತ್ತಿತ್ತು. ಧರ್ಮಸ್ಥಳ, ತಿರುಪತಿಯ ದಾರಿಯಲ್ಲಿ ಆ ಬಾಗಿಲಿನ ನೆರಳಲ್ಲಿ ಎಷ್ಟು ಬುತ್ತಿ ಬಿಚ್ಚಿತೋ. 2019ರಲ್ಲಿ ಅದರ ತಯಾರಿಕೆ ನಿಂತಿತು. ಅಡುಗೆಪೆಟ್ಟಿಗೆ ಕೂರಿಸುವವರ ದೃಷ್ಟಿಯಿಂದ ಅದಕ್ಕಿಂತ ಅನುಕೂಲದ ಗಾಡಿ ಆಮೇಲೆ ಬಂದಿಲ್ಲ ಎಂದೇ ನನ್ನ ಅಭಿಪ್ರಾಯ.

ಮೇಲಕ್ಕೆ ಏಳುವ ಬಾಗಿಲೋ ಪಕ್ಕಕ್ಕೆ ತೆರೆಯುವ ಬಾಗಿಲೋ ಎಂಬುದು ಸಣ್ಣ ಸಂಗತಿಯಲ್ಲ. ಇನ್ನೋವಾ, ಎರ್ಟಿಗಾಗಳಲ್ಲಿ ತೆರೆದ ಬಾಗಿಲು ಮಳೆಗೆ ಮಾಡಿನಂತೆ ನಿಲ್ಲುತ್ತದೆ. ಬೊಲೆರೊ, ಜಿಮ್ನಿಗಳಲ್ಲಿ ಸ್ಟೆಪ್ನಿ ಹೊತ್ತ ಬಾಗಿಲು ಪಕ್ಕಕ್ಕೆ ತಿರುಗುತ್ತದೆ. ತಲೆಯ ಮೇಲೆ ಏನೂ ಇಲ್ಲ, ಆದರೆ ಒಂದು ಕಡೆಯ ಗಾಳಿಗೆ ಮರೆ ಸಿಗುತ್ತದೆ. 2023ರಲ್ಲಿ ಬಂದ ಐದು ಬಾಗಿಲಿನ ಜಿಮ್ನಿಯ ಡಿಕ್ಕಿ 208 ಲೀಟರು ಮಾತ್ರ. ಅದರಲ್ಲಿ ಪೂರ್ಣ ಅಡುಗೆಮನೆ ತುರುಕಲು ಹೊರಟರೆ ಹಿಂದಿನ ಸೀಟು ಮಡಚಿ ಇಬ್ಬರೇ ಪ್ರಯಾಣಿಸಬೇಕು.

ಅಳತೆ ತೆಗೆಯುವಾಗ ಬಡಗಿಗಳು ನೆಲದ ಅಗಲ ಹಿಡಿಯುತ್ತಾರೆ. ಹಿಡಿಯಬೇಕಾದ್ದು ಚಕ್ರದ ಉಬ್ಬುಗಳ ನಡುವಿನ ಅಗಲ, ಆಮೇಲೆ ಬಾಗಿಲ ಬಾಯಿಯ ಅಗಲ. ಇವೆರಡರಲ್ಲಿ ಕಡಿಮೆಯದು ನಿಮ್ಮ ಪೆಟ್ಟಿಗೆಯದು. ಫ್ರಿಜ್ಜು ಬಂದ ರಟ್ಟಿನ ಡಬ್ಬಿ ಕೊಯ್ದು ಅದೇ ಅಳತೆಯ ಸುಳ್ಳು ಪೆಟ್ಟಿಗೆ ಮಾಡಿ ಒಳಗಿಟ್ಟು, ಬಾಗಿಲು ಹಾಕಿ ತೆಗೆದು ನೋಡಿದರೆ ಪ್ಲೈವುಡ್ಡಿನ ದುಡ್ಡು ಉಳಿಯುತ್ತದೆ.

ಎತ್ತರದ ವಿಷಯದಲ್ಲಿ ಎಲ್ಲರೂ ತಪ್ಪುವುದು ಒಂದೇ ಜಾಗದಲ್ಲಿ. ಮನೆಯ ಅಡುಗೆ ಕಟ್ಟೆ ನೆಲದಿಂದ 32ರಿಂದ 34 ಇಂಚು ಇರುತ್ತದೆ. ಎತ್ತರದ ಗಾಡಿಗಳ ಡಿಕ್ಕಿಯ ನೆಲವೇ ಸುಮಾರು 28 ಇಂಚಿನಲ್ಲಿರುತ್ತದೆ. ಅದರ ಮೇಲೆ 12 ಇಂಚಿನ ಪೆಟ್ಟಿಗೆ ಕೂರಿಸಿ ಅದರ ನೆತ್ತಿಯ ಮೇಲೆ ಒಲೆ ಇಟ್ಟರೆ ಕುಕ್ಕರಿನ ವೆಯ್ಟು ಅಡುಗೆ ಮಾಡುವವರ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಆದ್ದರಿಂದ ಒಲೆ ಇರಬೇಕಾದ್ದು ಅತಿ ಕೆಳಗಿನ ಎಳೆಹಲಗೆಯಲ್ಲಿ. ಅದರ ಮೇಲಿನ ಖಾನೆಗೆ ಹಗುರವಾದ ಸಾಮಾನು, ನೆತ್ತಿಗೆ ಹಾಸಿಗೆ, ಬಟ್ಟೆಚೀಲ. ಅಡುಗೆ ಮಾಡುವವರು ಯಾರೋ ಅವರನ್ನೇ ಗಾಡಿಯ ಹಿಂದೆ ನಿಲ್ಲಿಸಿ ಮೊಣಕೈ ಎತ್ತರ ಅಳೆಯಿರಿ. ನಮ್ಮಲ್ಲಿ ಗಂಡಸರು ಅಳತೆ ಕೊಟ್ಟು ಹೆಂಗಸರು ಒಗ್ಗರಣೆ ಹಾಕುವ ಕ್ರಮ ಡಿಕ್ಕಿಯವರೆಗೂ ಮುಂದುವರಿದಿದೆ.

ಇನ್ನು ತೂಕ. 18 ಎಂಎಂ ಪ್ಲೈವುಡ್ ಚದರ ಮೀಟರಿಗೆ 11ರಿಂದ 12 ಕೆಜಿ ತೂಗುತ್ತದೆ. ಎಂಟಕ್ಕೆ ನಾಲ್ಕಡಿಯ ಒಂದು ಹಾಳೆ ಎಂದರೆ 35 ಕೆಜಿ ಹತ್ತಿರ. ವಾರ್ಡ್‌ರೋಬ್ ಮಾಡಿ ರೂಢಿಯಾದ ಕೈಗಳು ಎಲ್ಲಕ್ಕೂ 18 ಎಂಎಂ ಹಾಕುತ್ತವೆ. ಇಲ್ಲಿ ಚೌಕಟ್ಟಿಗೆ 12 ಎಂಎಂ, ಖಾನೆಗಳಿಗೆ 9 ಎಂಎಂ ಧಾರಾಳ ಸಾಕು. ಅಲ್ಯೂಮಿನಿಯಂ ಪ್ರೊಫೈಲ್ ಹಾಕಿಸಿದರೆ ಹಗುರವಾಗುತ್ತದೆ ಎಂಬ ನಂಬಿಕೆ ಬೇರೆ ಇದೆ. 40 ಎಂಎಂ ಚೌಕದ ಪ್ರೊಫೈಲ್ ಮೀಟರಿಗೆ ಒಂದೂವರೆ ಕೆಜಿ ಆಸುಪಾಸು. ವೆಲ್ಡಿಂಗ್ ಅಂಗಡಿಯ 16 ಗೇಜಿನ ಒಂದಿಂಚು ಕಬ್ಬಿಣದ ಚೌಕ ಪೈಪು ಮೀಟರಿಗೆ 1.2 ಕೆಜಿ. ಹೊಳಪು ಬೇಕೆಂದರೆ ಅಲ್ಯೂಮಿನಿಯಂ ಹಾಕಿಸಿ, ಹಗುರಕ್ಕೆಂದು ಬೇಡ. ಕರಾವಳಿ, ಮಲೆನಾಡಿನ ತೇವಕ್ಕೆ ಐಎಸ್ 710 ಗುರುತಿನ ಮರೈನ್ ಪ್ಲೈ ಒಳ್ಳೆಯದು. ಯಾವ ಪ್ಲೈ ಆದರೂ ನೀರು ಕುಡಿಯುವುದು ಕೊಯ್ದ ಅಂಚಿನಿಂದ. ಮೇಲ್ಮೈಗೆ ಮೂರು ಕೋಟ್ ಪಾಲಿಶ್ ಹೊಡೆದು ಅಂಚು ಬಿಟ್ಟರೆ ಪ್ರಯೋಜನವಿಲ್ಲ.

ಖಾಲಿ ಪೆಟ್ಟಿಗೆ 20 ಕೆಜಿ ಮೀರದಂತೆ ನೋಡಿಕೊಳ್ಳಬೇಕು. ಅದಕ್ಕೆ 10 ಲೀಟರು ನೀರು, ಒಲೆ, ಪಾತ್ರೆ, ದಿನಸಿ ಸೇರಿದರೆ ಅದು ತಾನಾಗಿ 50ಕ್ಕೆ ಮುಟ್ಟುತ್ತದೆ. ಆ ಭಾರವೆಲ್ಲ ಹಿಂದಿನ ಅಚ್ಚಿಗಿಂತ ಹಿಂದಕ್ಕೆ ಕೂತರೆ ಗಾಡಿಯ ಮೂತಿ ಏಳುತ್ತದೆ, ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ಸ್ಟೀರಿಂಗ್ ಹಗುರಾಗುತ್ತದೆ. ನೀರಿನ ಕ್ಯಾನು ಪೆಟ್ಟಿಗೆಯ ಒಳತುದಿಯಲ್ಲಿ, ಸೀಟಿನ ಬೆನ್ನಿಗೆ ಒತ್ತಿ, ನೆಲಕ್ಕೆ ತಾಗಿ ಇರಲಿ.

ಹಲಗೆ ಹೊರಗೆಳೆದಾಗ ಏನಾಗುತ್ತದೆ ಎಂಬುದೇ ಈ ಕೆಲಸದ ತಿರುಳು. 75 ಸೆಂಟಿಮೀಟರು ಉದ್ದದ ಹಲಗೆಯನ್ನು 50 ಸೆಂಟಿಮೀಟರು ಹೊರಗೆಳೆದಿದ್ದೀರಿ, ಒಳಗೆ ಉಳಿದದ್ದು 25. ಮೇಲೆ ಒಟ್ಟು 25 ಕೆಜಿ ಸಮವಾಗಿ ಹರಡಿದೆ ಎನ್ನಿ. ಒಳತುದಿ ಮೇಲಕ್ಕೆ ಏಳಲು ಯತ್ನಿಸುವ ಬಲ ಹನ್ನೆರಡೂವರೆ ಕೆಜಿಯಷ್ಟಾಗುತ್ತದೆ. ಅದೇನೂ ಹೆಚ್ಚಲ್ಲ. ಆದರೆ ಅಷ್ಟರಲ್ಲಿ ಯಾರೋ ಬಂದು ಹಲಗೆಯ ತುದಿಗೆ ಕೈಯೂರಿ 20 ಕೆಜಿ ಭಾರ ಬಿಟ್ಟರೆ? ಅದೊಂದೇ ಒಳತುದಿಯಲ್ಲಿ 40 ಕೆಜಿ ಎತ್ತುಬಲವಾಗುತ್ತದೆ. ಎರಡೂ ಸೇರಿ ಐವತ್ತೆರಡೂವರೆ. ಏತದ ತುದಿಗೆ ಮನುಷ್ಯ ನಡೆದು ಹೋದಂತೆ. ನೆಲಕ್ಕೆ ಬಿಗಿಯದ 20 ಕೆಜಿಯ ಪೆಟ್ಟಿಗೆಯಾದರೆ ಹಿಂದಿನಿಂದ ಎದ್ದು ಇಡೀ ಅಡುಗೆ ಕಾಲ ಮೇಲೆ ಬೀಳುತ್ತದೆ. ಕುದಿಯುವ ಸಾರು ಸಮೇತ.

ಗುಡ್‌ನೈಟ್ ತನ್ನ ಮುಚ್ಚಳಕ್ಕೆ ಕಾಲು ಇಟ್ಟದ್ದು ಇದೇ ಕಾರಣಕ್ಕೆ. ಹೊರತುದಿಗೆ ಮಡಚುವ ಒಂದು ಕಾಲು ಇದ್ದರೆ ಮೇಲಿನ ಲೆಕ್ಕವೆಲ್ಲ ತಪ್ಪುತ್ತದೆ. ಭಾರ ನೆಲಕ್ಕೆ ಇಳಿಯುತ್ತದೆ. ನೆಲ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲವಾದ್ದರಿಂದ ಕಾಲಿನ ಬುಡಕ್ಕೆ ತಿರುಪಿನ ಪಾದ ಹಾಕಿಸಿ. ಸಿದ್ಧ ಸ್ಟೀಲ್ ಮಾಲಿನವರು ಕಾಲಿಲ್ಲದಿರುವುದನ್ನೇ ಹೆಚ್ಚುಗಾರಿಕೆ ಎಂದು ತೋರಿಸುತ್ತಾರೆ. ಅವರು ಗಾಡಿಯ ನೆಲಕ್ಕೆ ಬೋಲ್ಟ್ ಹೊಡೆದು ಬಿಗಿಯುತ್ತಾರೆ, ಅವರಿಗೆ ನಡೆಯುತ್ತದೆ.

ಎಳೆಯಲು ಟೆಲಿಸ್ಕೋಪಿಕ್ ಚಾನೆಲ್ ಬೇಕೇ ಬೇಕೆಂಬುದು ಇನ್ನೊಂದು ರೂಢಿ. ಹಾರ್ಡ್‌ವೇರ್ ಅಂಗಡಿಯ ಚಾನೆಲ್ ಜೋಡಿಯ ಮೇಲೆ 45 ಕೆಜಿ ಎಂದು ಬರೆದಿರುತ್ತದೆ. ಅದು ಅಲುಗದೆ ನಿಂತ ಬೀರುವಿನ ಮಾತು. ಹಂಪ್ ಹಾರಿದಾಗ ಆ ಭಾರ ಕ್ಷಣಮಾತ್ರ ಎರಡು ಪಟ್ಟಾಗುತ್ತದೆ. ಮೇಲಾಗಿ ಮಣ್ಣುರಸ್ತೆಯ ದೂಳು ಬಾಲ್‌ಗಳ ನಡುವಿನ ಗ್ರೀಸಿಗೆ ಅಂಟಿಕೊಂಡು ಒಂದೆರಡು ವರ್ಷದಲ್ಲಿ ಚಾನೆಲ್ ಕಿರುಗುಟ್ಟುತ್ತದೆ. "ಸಾರ್, ಹದಿನೈದು ಕೆಜಿ ಎಳೆಯೋಕೆ ಇದ್ಯಾಕೆ? ನಮ್ಮಪ್ಪ ಡ್ರಾಯರ್‌ಗೆ ಮೇಣ ಸವರ್ತಿದ್ರು" ಎಂದು ಹಳೆಯ ಮೇಸ್ತ್ರಿಯೊಬ್ಬರು ಹೇಳಿದ್ದು ನನಗೆ ಸರಿ ಕಂಡಿತು. ಈಗ ಮೇಣಕ್ಕೆ ಬದಲು ತರಕಾರಿ ಹೆಚ್ಚುವ ಬಿಳಿ ಪ್ಲಾಸ್ಟಿಕ್ ಹಲಗೆಯನ್ನು ಒಂದಿಂಚಿನ ಪಟ್ಟಿಗಳಾಗಿ ಕೊಯ್ದು ಹಳಿಯಂತೆ ಹೊಡೆಯಬಹುದು. ದೂಳು ತಾಗಿದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆಯಿತು, ಗಡಗಡ ಸದ್ದಿಲ್ಲ. 15 ಕೆಜಿಯೊಳಗಿನ ಹಲಗೆಗೆ ಇದಕ್ಕಿಂತ ಒಳ್ಳೆಯದಿಲ್ಲ. ಅದಕ್ಕೂ ಹೆಚ್ಚಿನ ಭಾರವಿದ್ದರೆ ಚಾನೆಲ್ ಹಾಕಿ, ಆದರೆ ಒಳಗೂ ಹೊರಗೂ ಲಾಕ್ ಆಗುವಂಥದ್ದೇ ಬೇಕು. ಮರದ ಸ್ಕ್ರೂ ಗಾಡಿಯ ಕಂಪನಕ್ಕೆ ಸಡಿಲವಾಗುತ್ತದೆ. ಭಾರ ಹೊರುವ ಜಾಗಕ್ಕೆಲ್ಲ ಆರಪಾರ ಬೋಲ್ಟು, ನೈಲಾಕ್ ನಟ್ಟು.

ಲಾಕಿನ ಮಾತು ಯಾಕೆಂದರೆ, ಗಂಟೆಗೆ 50 ಕಿಲೋಮೀಟರು ವೇಗದ ಗಾಡಿ ಯಾವುದಕ್ಕೋ ಗುದ್ದಿ ಅರ್ಧ ಮೀಟರಿನಲ್ಲಿ ನಿಂತರೆ ಒಳಗಿರುವ ಪ್ರತಿ ವಸ್ತುವೂ ತನ್ನ ತೂಕದ ಸುಮಾರು 20 ಪಟ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. 50 ಕೆಜಿಯ ಅಡುಗೆಪೆಟ್ಟಿಗೆ ಆ ಕ್ಷಣ ಒಂದು ಟನ್ನು. ಅದರ ಮುಂದೆ ಇರುವುದು ಹಿಂದಿನ ಸೀಟಿನ ಬೆನ್ನು, ಅದಕ್ಕೆ ಒರಗಿದ ಮಕ್ಕಳು. ಡಿಕ್ಕಿಯ ನೆಲದಲ್ಲಿ ಕಂಪನಿಯೇ ಕೊಟ್ಟ ಕೊಕ್ಕೆಗಳಿಗೆ ಲಾರಿಯವರು ಬಳಸುವಂಥ ರ್‍ಯಾಚೆಟ್ ಬೆಲ್ಟ್ ಹಾಕಿ, ಪೆಟ್ಟಿಗೆಯನ್ನು ಸೀಟಿನ ಬೆನ್ನಿಗೆ ಆನಿಸಿ ಬಿಗಿಯಬೇಕು. ನಡುವೆ ಒಂದು ಗೇಣು ಖಾಲಿ ಬಿಟ್ಟರೆ ಪೆಟ್ಟಿಗೆ ಆ ಗೇಣಿನಲ್ಲಿ ವೇಗ ಗಳಿಸುತ್ತದೆ. ಕೆಲವು ಗಾಡಿಗಳ ಕೊಕ್ಕೆ ಬರೀ ಪ್ಲಾಸ್ಟಿಕ್ಕಿನದು, ತರಕಾರಿ ಚೀಲಕ್ಕೆ ಮಾತ್ರ. ಅಂಥ ಗಾಡಿಯಲ್ಲಿ ಈ ಪೆಟ್ಟಿಗೆ ಬೇಡವೆಂದೇ ನಾನು ಹೇಳುವುದು.

ಹಾಗಾದರೆ ನೆಲ ಕೊರೆದು ಬೋಲ್ಟ್ ಹಾಕಬಾರದೇಕೆ, ಮೂರನೆಯ ಸಾಲಿನ ಸೀಟು ಕಿತ್ತು ಜಾಗ ಮಾಡಬಾರದೇಕೆ ಎಂದು ಕೇಳುವವರಿದ್ದಾರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ವಿವರಗಳನ್ನು ಬದಲಿಸುವುದಕ್ಕೆ ಅಡ್ಡಿ ಹೇಳುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನು ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ, ಅಥವಾ ಎರಡೂ. ಸೀಟಿನ ಸಂಖ್ಯೆ ಆರ್‌ಸಿಯಲ್ಲೇ ಬರೆದಿರುತ್ತದೆ. ಅಪಘಾತವಾದ ದಿನ ವಿಮೆಯವರು ಮೊದಲು ನೋಡುವುದೂ ಅದನ್ನೇ. ಬೆಲ್ಟಿನಿಂದ ಬಿಗಿದು, ಬೇಕಾದಾಗ ಇಬ್ಬರು ಎತ್ತಿ ಇಳಿಸುವ ಪೆಟ್ಟಿಗೆ ಗಾಡಿಯ ಅಂಗವಲ್ಲ, ಸಾಮಾನು. ವೆಸ್ಟ್‌ಫಾಲಿಯಾದ ದಾರಿಯೇ ನಮಗೆ ಕ್ಷೇಮ.

ಬೆಂಕಿಯ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಎಳೆದ ಹಲಗೆಯ ಮೇಲೆ ಒಲೆ ಹಚ್ಚುವುದಾದರೆ ಜ್ವಾಲೆ ಗಾಡಿಯ ಬಾಯಿಂದ ಪೂರ್ತಿ ಹೊರಗಿರಬೇಕು. ಮೇಲೆದ್ದ ಬಾಗಿಲಿನ ಪ್ಲಾಸ್ಟಿಕ್ಕು, ರಬ್ಬರು, ಗಾಜು ಕುಕ್ಕರಿನ ಹಬೆಯನ್ನು ಸಹಿಸುತ್ತವೆ, ಒಗ್ಗರಣೆಯ ಎಣ್ಣೆ ಹತ್ತಿಕೊಂಡರೆ ಸಹಿಸುವುದಿಲ್ಲ. ಮಳೆ ಬಂತೆಂದು ಒಲೆಯನ್ನು ಒಳಗೆ ತಳ್ಳಿ ಬಾಗಿಲು ಅರ್ಧ ಮುಚ್ಚಿ ಬೇಯಿಸುವುದಂತೂ ಕೂಡದು. ಇಂಗಾಲದ ಮಾನಾಕ್ಸೈಡಿಗೆ ವಾಸನೆಯಿಲ್ಲ. ಮನೆಯ 14.2 ಕೆಜಿ ಸಿಲಿಂಡರ್ ಮನೆ ಬಳಕೆಗೆ ಮಾತ್ರ, ಅದನ್ನು ಪ್ರವಾಸಕ್ಕೆ ಹೊರಡಿಸಬೇಡಿ. ಪೆಟ್ರೋಲ್ ಬಂಕುಗಳಲ್ಲಿ ಸಿಗುವ 5 ಕೆಜಿಯದು ನಾಲ್ಕೈದು ಜನರ ತಂಡಕ್ಕೆ ಹೆಚ್ಚೇ ಆಯಿತು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಡಿಕ್ಕಿಯ ತಳದಲ್ಲಿ ನಿಲ್ಲುತ್ತದೆ, ಅದಕ್ಕೇ ಸಿಲಿಂಡರ್ ಇರುವ ಖಾನೆಯನ್ನು ಮುಚ್ಚಿದ ಡಬ್ಬಿಯಂತೆ ಮಾಡಬಾರದು. ಇಬ್ಬರು ಮೂವರಿಗೆ 225 ಗ್ರಾಂ ಬ್ಯುಟೇನ್ ಡಬ್ಬಿಯ ಒಲೆ ಅನುಕೂಲ, ಜೋರು ಉರಿಯಲ್ಲಿ ಒಂದು ಗಂಟೆಗೂ ಸ್ವಲ್ಪ ಹೆಚ್ಚು ಬರುತ್ತದೆ. ಆದರೆ ಆ ಡಬ್ಬಿಯ ಮೇಲೆ 50 ಡಿಗ್ರಿ ಮೀರಬಾರದೆಂದು ಬರೆದಿರುತ್ತದೆ, ಏಪ್ರಿಲ್‌ನಲ್ಲಿ ರಾಯಚೂರಿನ ಬಿಸಿಲಿಗೆ ಗಾಜು ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಅಷ್ಟು ಕಾವು ಸುಲಭವಾಗಿ ಏರುತ್ತದೆ. ಲಡಾಖಿನಲ್ಲಿ ತೊಂದರೆ ತಿರುಗುಮುರುಗು: ಬ್ಯುಟೇನ್ ಸೊನ್ನೆ ಡಿಗ್ರಿಯ ಹತ್ತಿರ ಅನಿಲವಾಗುವುದನ್ನೇ ನಿಲ್ಲಿಸುತ್ತದೆ. ಅಲ್ಲಿ ನೀರು 88 ಡಿಗ್ರಿಗೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ಬೇಳೆ ಬೇಯದು. ಒಂದು ಕೆಜಿಯ ಡ್ರೈ ಪೌಡರ್ ಅಗ್ನಿಶಾಮಕ ಮುಂದಿನ ಸೀಟಿನ ಹತ್ತಿರ ಇರಲಿ. ಉರಿಯುವ ಒಲೆಯ ಹಿಂದಿರುವ ಅಗ್ನಿಶಾಮಕಕ್ಕೆ ಕೈ ಹಾಕುವುದು ಹೇಗೆ?

ಪಾತ್ರೆಯಲ್ಲಿ ನಮ್ಮ ಅಜ್ಜಿಯರ ಜಾಣತನ ಇಲ್ಲಿ ಕೆಲಸಕ್ಕೆ ಬರುತ್ತದೆ. ಹಿಡಿಯಿರುವ ಬಾಣಲೆ, ಸಾಸ್‌ಪ್ಯಾನುಗಳು ಖಾನೆಯಲ್ಲಿ ಅರ್ಧ ಜಾಗವನ್ನು ಹಿಡಿಗೇ ತಿನ್ನುತ್ತವೆ. ಒಂದರೊಳಗೊಂದು ಕೂರುವ ಮೂರು ತಪ್ಪಲೆ, ಮೇಲೊಂದು ತಟ್ಟೆ, ಜೊತೆಗೆ ಒಂದು ಇಕ್ಕಳ ಇದ್ದರೆ ಮುಗಿಯಿತು. ನಡುವೆ ಹಳೆಯ ಪಂಚೆಯ ತುಂಡು ಹಾಕಿದರೆ ಸ್ಟೀಲು ಸ್ಟೀಲಿಗೆ ತಾಗಿ ದಾರಿಯುದ್ದ ಕಣಕಣ ಎನ್ನುವುದಿಲ್ಲ. ಗೊಜ್ಜವಲಕ್ಕಿ, ಉಪ್ಪಿಟ್ಟು, ಚಿತ್ರಾನ್ನ, ಬೇಳೆಸಾರು ಇಷ್ಟಕ್ಕೆ ಈ ಹಲಗೆ ಸಲೀಸು. ರಾಗಿಮುದ್ದೆಗೆ ಮಾತ್ರ ಒಲೆ ನೆಲಕ್ಕೆ ಇಳಿಯಲೇಬೇಕು. ಕೋಲು ಹಿಡಿದು ಮೈಭಾರ ಹಾಕಿ ತಿರುವುವ ಕೆಲಸಕ್ಕೆ ಯಾವ ಚಾನೆಲ್ಲೂ, ಯಾವ ಕಾಲೂ ತಡೆಯುವುದಿಲ್ಲ.

ವಿದ್ಯುತ್ ಒಲೆಯ ಕಾಲ ಹತ್ತಿರ ಬಂದಿದೆ. ಹ್ಯುಂಡೈ ಐಯಾನಿಕ್ 5, 2023ರ ಟಾಟಾ ನೆಕ್ಸಾನ್ ಇವಿಯಂಥ ಗಾಡಿಗಳು ತಮ್ಮ ಬ್ಯಾಟರಿಯಿಂದಲೇ ಹೊರಗೆ ಕರೆಂಟು ಕೊಡುತ್ತವೆ, ಇಂಡಕ್ಷನ್ ಒಲೆ ನಡೆಯುವಷ್ಟು. ಅಂಥ ಗಾಡಿಯಿದ್ದರೆ ಮೇಲಿನ ಸಿಲಿಂಡರ್ ಪುರಾಣವನ್ನು ಮರೆತುಬಿಡಬಹುದು.

ಎಲ್ಲಿ ಬೇಯಿಸಬೇಕು ಎಂಬುದಕ್ಕೂ ಕಟ್ಟಳೆಯಿದೆ. ಬಂಡೀಪುರದಂಥ ಹುಲಿ ಸಂರಕ್ಷಿತ ಪ್ರದೇಶದ ರಸ್ತೆಯಲ್ಲಿ ಗಾಡಿ ನಿಲ್ಲಿಸುವುದೇ ನಿಷಿದ್ಧ, ಒಲೆಯ ಮಾತು ದೂರ. 2019ರ ಫೆಬ್ರುವರಿಯಲ್ಲಿ ಆ ಕಾಡು ಹೊತ್ತಿ ಉರಿದದ್ದನ್ನು ಕಂಡವರು ಒಣ ಹುಲ್ಲಿನ ಹತ್ತಿರ ಕಡ್ಡಿ ಗೀರುವುದಿಲ್ಲ. ಎಸ್ಟೇಟು, ತೋಟ, ಹೋಮ್‌ಸ್ಟೇ ಅಂಗಳ ಇವೆಲ್ಲ ಒಡೆಯರನ್ನು ಕೇಳಿ ನಿಲ್ಲುವ ಜಾಗಗಳು. ಪಾತ್ರೆ ತೊಳೆದ ನೀರು ಹೊಳೆಗೆ ಬೇಡ, ಕಸ ವಾಪಸು ಡಿಕ್ಕಿಗೆ.

ಇಷ್ಟಾದ ಮೇಲೂ ಮಾಡಿಸುವ ಮುನ್ನ ಒಂದು ಪರೀಕ್ಷೆಯಿದೆ. ಮುಂದಿನ ಪ್ರವಾಸಕ್ಕೆ ಎರಡು ಪ್ಲಾಸ್ಟಿಕ್ ಕ್ರೇಟು, ಒಂದು ಮಡಚುವ ಮೇಜು ಒಯ್ಯಿರಿ. ಯಾವ ಡಬ್ಬಿಗೆ ಕೈ ಎಷ್ಟು ಸಲ ಹೋಯಿತು, ಯಾವುದು ಮುಟ್ಟದೆ ವಾಪಸು ಬಂತು ಎಂದು ಗುರುತು ಹಾಕಿಕೊಳ್ಳಿ. ಮುಟ್ಟದ್ದನ್ನೆಲ್ಲ ಬಿಟ್ಟು ಉಳಿದದ್ದಕ್ಕೆ ಮಾತ್ರ ಪೆಟ್ಟಿಗೆ ಮಾಡಿಸಿ. ವರ್ಷಕ್ಕೆ ಎರಡೇ ಸಲ ಹೊರಡುವ ಮನೆಯವರಿಗೆ ಆ ಕ್ರೇಟು, ಮೇಜೇ ಸಾಕು. ಪ್ಲೈವುಡ್ ಕೊಳ್ಳುವುದು ಬೇಡ.